ರಾಸಾಯನಿಕ ಸಮೀಕರಣವನ್ನು ಬರೆಯುವುದು ಮತ್ತು ಸರಿದೂಗಿಸುವುದು ಹೇಗೆ?

ಮೆಗ್ನೀಸಿಯಂ ಪಟ್ಟಿಯ ಒಂದು ತುಂಡನ್ನು ಮರಳುಕಾಗದದಿಂದ ಚೆನ್ನಾಗಿ ಉಜ್ಜಿ, ಇಕ್ಕಳದಲ್ಲಿ ಹಿಡಿದು ಜ್ವಾಲೆಗೆ ಒಡ್ಡಿದರೆ, ಸ್ವಲ್ಪ ಹೊತ್ತು ಏನೂ ಆಗದಂತೆ ಕಾಣುತ್ತದೆ; ನಂತರ ಅದು ಥಟ್ಟನೆ ಹೊತ್ತಿಕೊಂಡು ಕಣ್ಣು ಕುಕ್ಕುವಂಥ ಬಿಳಿ ಬೆಳಕು ಬೀರುತ್ತದೆ. ಆ ಬೆಳಕನ್ನು ನೇರವಾಗಿ ನೋಡಬಾರದು, ಅದು ಕಣ್ಣಿಗೆ ಹಾನಿಕರ. ಉರಿ ಆರಿದ ಮೇಲೆ ಇಕ್ಕಳದಲ್ಲಿ ಉಳಿಯುವುದು ಹೊಳಪುಳ್ಳ ಲೋಹವಲ್ಲ, ಬೆರಳು ತಾಕಿಸಿದರೆ ಉದುರಿಹೋಗುವ ಬಿಳಿ ಪುಡಿ. ಮೊದಲು ಉಜ್ಜುವುದೇಕೆಂದರೆ, ಗಾಳಿಯಲ್ಲಿ ಇದ್ದಷ್ಟು ದಿನ ಪಟ್ಟಿಯ ಮೇಲೆ ಮಂಕಾದ ಪದರವೊಂದು ಕೂತಿರುತ್ತದೆ, ಅದು ಲೋಹಕ್ಕೆ ಆಕ್ಸಿಜನ್ ತಾಕದಂತೆ ತಡೆಯುತ್ತದೆ.

ರಾಸಾಯನಿಕ ಸಮೀಕರಣವೆಂದರೆ ಇಂಥ ಒಂದು ಘಟನೆಯ ವರದಿಯೇ ಹೊರತು ಬೇರೇನಲ್ಲ. ಏನೇನು ಇತ್ತು, ಏನೇನು ಆಯಿತು, ಯಾವುದು ಎಷ್ಟು ಪ್ರಮಾಣದಲ್ಲಿ ಎಂಬುದನ್ನು ಅದು ಒಂದೇ ಸಾಲಿನಲ್ಲಿ ಹೇಳುತ್ತದೆ. ಇದನ್ನು ಮರೆತು, ಎರಡೂ ಬದಿಯ ಅಂಕಿಗಳನ್ನು ಹೇಗಾದರೂ ಸಮ ಮಾಡುವ ಲೆಕ್ಕದ ಆಟವೆಂದು ತಿಳಿದ ವಿದ್ಯಾರ್ಥಿಗೆ ಅಧ್ಯಾಯದ ಕೊನೆಯವರೆಗೂ ತೊಡಕು ತಪ್ಪುವುದಿಲ್ಲ. ಆದುದರಿಂದ ಈ ಬರಹದಲ್ಲಿ ಎಣಿಕೆಯ ಕ್ರಮವನ್ನು ಹೇಳುವ ಮೊದಲು, ಎಣಿಸಬೇಕಾದದ್ದು ಏನು ಎಂಬುದನ್ನು ಹೇಳುತ್ತೇನೆ.

ಕ್ರಿಯೆ ನಡೆದಿದೆಯೇ ಎಂದು ಗುರುತಿಸುವುದು

ಬಣ್ಣ ಬದಲಾಗುವುದು, ಅನಿಲ ಹೊರಬರುವುದು, ದ್ರಾವಣದಲ್ಲಿ ಕರಗದ ವಸ್ತು ಪ್ರಕ್ಷೇಪವಾಗಿ ತಳಕ್ಕಿಳಿಯುವುದು, ತಾಪ ಏರುವುದು ಅಥವಾ ಇಳಿಯುವುದು ಇವೆಲ್ಲ ರಾಸಾಯನಿಕ ಕ್ರಿಯೆಯ ಸೂಚನೆಗಳು. ಆದರೆ ಇವು ಸೂಚನೆಗಳು ಮಾತ್ರ, ಪುರಾವೆಗಳಲ್ಲ. ಕುದಿಯುವ ನೀರಿನಲ್ಲೂ ಗುಳ್ಳೆಗಳು ಏಳುತ್ತವೆ, ಅಲ್ಲಿ ಹೊಸ ಪದಾರ್ಥ ಯಾವುದೂ ಹುಟ್ಟುವುದಿಲ್ಲ. ಗುಳ್ಳೆಯೊಳಗಿರುವುದು ನೀರಿನ ಆವಿಯೇ. ಅಡುಗೆ ಸೋಡಕ್ಕೆ ವಿನೆಗರ್ ಸುರಿದಾಗ ಏಳುವ ಗುಳ್ಳೆಗಳ ಕಥೆ ಬೇರೆ: ಅವುಗಳಲ್ಲಿರುವ ಅನಿಲವನ್ನು ಸುಣ್ಣದ ತಿಳಿನೀರಿಗೆ ಹಾಯಿಸಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ, ಅಂದರೆ ಅದು ಕಾರ್ಬನ್ ಡೈಆಕ್ಸೈಡ್. ಮೊದಲು ಇಲ್ಲದಿದ್ದ ಪದಾರ್ಥವೊಂದು ಹುಟ್ಟಿದೆಯೇ ಎಂಬ ಒಂದೇ ಪ್ರಶ್ನೆ ಇಲ್ಲಿ ನಿರ್ಣಾಯಕ. ಹುಟ್ಟಿದ್ದರೆ ಸಮೀಕರಣ ಬರೆಯಲು ವಿಷಯವಿದೆ, ಇಲ್ಲದಿದ್ದರೆ ಅದು ಭೌತ ಬದಲಾವಣೆ.

ಮೊದಲು ಹೆಸರು, ನಂತರ ಸೂತ್ರ

ಕ್ರಿಯೆಯನ್ನು ಮೊದಲು ಪದಗಳಲ್ಲೇ ಬರೆಯಿರಿ. ಕ್ರಿಯೆಗೆ ಒಳಗಾಗುವ ಪ್ರತಿವರ್ತಕಗಳು ಎಡಕ್ಕೆ, ಹೊಸದಾಗಿ ಉಂಟಾಗುವ ಉತ್ಪನ್ನಗಳು ಬಲಕ್ಕೆ, ನಡುವೆ ಬಾಣದ ಗುರುತು:

ಮೆಗ್ನೀಸಿಯಂ + ಆಕ್ಸಿಜನ್ → ಮೆಗ್ನೀಸಿಯಂ ಆಕ್ಸೈಡ್

ಬಾಣವನ್ನು "ಆಗುತ್ತದೆ" ಎಂದು ಓದಿಕೊಳ್ಳಬೇಕು, ಕೂಡಿಸುವ ಗುರುತನ್ನು "ಮತ್ತು" ಎಂದು. ಪದ ಸಮೀಕರಣ ಚಿಕ್ಕ ಮಕ್ಕಳಿಗೆ ಎಂದು ಕೆಲವರು ಅದನ್ನು ಹಾರಿಸಿಬಿಡುತ್ತಾರೆ. ಯಾವ ಪದಾರ್ಥ ಉಂಟಾಯಿತು ಎಂಬುದೇ ಖಚಿತವಿಲ್ಲದೆ ಸೂತ್ರ ಬರೆಯಲು ಕುಳಿತಾಗ ಆಗುವ ತಪ್ಪುಗಳೆಲ್ಲ ಈ ಒಂದು ಸಾಲಿನ ಉದಾಸೀನದಿಂದಲೇ ಆಗುವಂಥವು.

ಎರಡನೆಯ ಹೆಜ್ಜೆಯಲ್ಲಿ ಪ್ರತಿಯೊಂದು ಹೆಸರಿನ ಜಾಗದಲ್ಲಿ ಅದರ ಅಣುಸೂತ್ರವನ್ನು ಬರೆಯಬೇಕು. ಅಕ್ಷರಗಳಿಂದ ಧಾತುಗಳನ್ನು ಸೂಚಿಸುವ ಈಗಿನ ಪದ್ಧತಿಗೆ 1813ರ ಹೊತ್ತಿಗೆ ಅಡಿಪಾಯ ಹಾಕಿದವರು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್. ಅವರು ಲ್ಯಾಟಿನ್ ಹೆಸರುಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದರಿಂದಲೇ ಕಬ್ಬಿಣದ ಸಂಕೇತ ಫೆರಮ್ ಎಂಬುದರಿಂದ, ಸೋಡಿಯಂನದು ನೇಟ್ರಿಯಂ ಎಂಬುದರಿಂದ, ಪೊಟ್ಯಾಸಿಯಂನದು ಕೇಲಿಯಂ ಎಂಬುದರಿಂದ ಬಂದಿದೆ. ನೋಟುಪುಸ್ತಕದಲ್ಲಿ ನೀವು ಆ ಅಂತರರಾಷ್ಟ್ರೀಯ ಸಂಕೇತಗಳನ್ನೇ ಬಳಸಬೇಕು. ಇಲ್ಲಿ ಮಾತ್ರ ನಾನು ಪದಾರ್ಥದ ಹೆಸರನ್ನೇ ಉಳಿಸಿಕೊಂಡು, ಅದರ ಒಂದು ಘಟಕದಲ್ಲಿ ಯಾವ ಪರಮಾಣು ಎಷ್ಟಿದೆ ಎಂದು ಬಿಡಿಸಿ ಹೇಳುತ್ತೇನೆ. ಸೂತ್ರವನ್ನು ಕಂಡಾಗ ಮನಸ್ಸಿನಲ್ಲಿ ನಡೆಯಬೇಕಾದ ಕೆಲಸವೂ ಅದೇ.

ಸೂತ್ರವನ್ನು ಕಟ್ಟುವುದು ವೇಲೆನ್ಸಿಯ, ಅಂದರೆ ಒಂದು ಪರಮಾಣುವಿಗೆ ಬೇರೆ ಪರಮಾಣುಗಳೊಂದಿಗೆ ಕೂಡಿಕೊಳ್ಳಲು ಇರುವ ಸಾಮರ್ಥ್ಯದ, ಆಧಾರದ ಮೇಲೆ. ಮೆಗ್ನೀಸಿಯಂನ ವೇಲೆನ್ಸಿ 2, ಆಕ್ಸಿಜನ್ನಿನದೂ 2; ಆದುದರಿಂದ ಒಂದಕ್ಕೆ ಒಂದು ಸಾಕು. ಅಲ್ಯೂಮಿನಿಯಂನ ವೇಲೆನ್ಸಿ 3. ಅದು ಆಕ್ಸಿಜನ್ನಿನ ಜೊತೆ ಸೇರುವಾಗ ಎರಡು ಅಲ್ಯೂಮಿನಿಯಂಗೆ ಮೂರು ಆಕ್ಸಿಜನ್ ಬೇಕಾಗುತ್ತವೆ, ಏಕೆಂದರೆ ಎರಡು ಮೂರಲೆ ಆರು, ಮೂರು ಎರಡಲೆ ಆರು. ಕಬ್ಬಿಣದಂಥ ಲೋಹಕ್ಕೆ ಒಂದಕ್ಕಿಂತ ಹೆಚ್ಚು ವೇಲೆನ್ಸಿ ಇರುವುದರಿಂದ ಕಬ್ಬಿಣದ ಸಂಯುಕ್ತ ಎಂದಷ್ಟೇ ಹೇಳಿದರೆ ಸಾಲದು, ಅದರಲ್ಲಿ ಕಬ್ಬಿಣದ ವೇಲೆನ್ಸಿ ಎರಡೋ ಮೂರೋ ಎಂಬುದನ್ನೂ ತಿಳಿದಿರಬೇಕು. ಇದರ ಮಾತು ಮುಂದೆ ಬರುತ್ತದೆ.

ಇನ್ನೊಂದು ಸಂಗತಿಯನ್ನು ಬಾಯಿಪಾಠ ಮಾಡುವುದೇ ಒಳ್ಳೆಯದು: ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ಕ್ಲೋರಿನ್, ಬ್ರೋಮಿನ್ ಮತ್ತು ಅಯೋಡಿನ್ ಈ ಏಳು ಧಾತುಗಳು ಒಂಟಿಯಾಗಿರುವಾಗ ಎರಡೆರಡು ಪರಮಾಣುಗಳ ಜೋಡಿಯಾಗಿ ಇರುತ್ತವೆ. ಸಂಯುಕ್ತದೊಳಗೆ ಈ ಜೋಡಿಯ ನಿಯಮ ಅನ್ವಯಿಸುವುದಿಲ್ಲ. ಆಕ್ಸಿಜನ್ ಅನಿಲವನ್ನು ಒಂದೇ ಪರಮಾಣುವೆಂದು ಬರೆದರೆ ಮುಂದಿನ ಎಣಿಕೆಯೆಲ್ಲ ಹಾದಿ ತಪ್ಪುತ್ತದೆ.

ಏಕೆ ಸರಿದೂಗಿಸಬೇಕು

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಂಟೊಯಿನ್ ಲೆವಾಸಿಯೆ ಮುಚ್ಚಿದ ಪಾತ್ರೆಯಲ್ಲಿ ತವರವನ್ನು ಕಾಯಿಸಿ, ಕಾಯಿಸುವ ಮೊದಲೂ ನಂತರವೂ ಪಾತ್ರೆಯನ್ನು ತೂಗಿದರು. ಒಳಗೆ ತವರದ ಮೇಲೆ ಬೂದಿ ಕಟ್ಟಿತ್ತು, ಆದರೂ ಒಟ್ಟು ತೂಕ ಬದಲಾಗಿರಲಿಲ್ಲ. ಪಾತ್ರೆಯನ್ನು ತೆರೆದಾಗ ಹೊರಗಿನ ಗಾಳಿ ಒಳನುಗ್ಗಿತು, ಆಗ ತೂಕ ಹೆಚ್ಚಾಯಿತು. ತವರವು ಒಳಗಿದ್ದ ಗಾಳಿಯಲ್ಲೇ ಒಂದು ಭಾಗವನ್ನು ಹೀರಿಕೊಂಡಿತ್ತು ಎಂಬುದು ಇದರ ಅರ್ಥ. 1789ರಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ ಅವರು ಕ್ರಿಯೆಯ ಮೊದಲು ಇದ್ದಷ್ಟೇ ದ್ರವ್ಯ ಕ್ರಿಯೆಯ ನಂತರವೂ ಇರುತ್ತದೆ ಎಂಬುದನ್ನು ತತ್ತ್ವವಾಗಿಯೇ ಮುಂದಿಟ್ಟರು. ರಾಶಿ ಸಂರಕ್ಷಣಾ ನಿಯಮ ಎಂದು ನಾವು ಓದುವುದು ಇದನ್ನೇ. ರಾಸಾಯನಿಕ ಕ್ರಿಯೆಯಲ್ಲಿ ಪರಮಾಣುಗಳ ನಡುವಿನ ಬಂಧಗಳು ಮುರಿದು ಹೊಸ ಬಂಧಗಳು ಕೂಡಿಕೊಳ್ಳುತ್ತವೆಯೇ ವಿನಾ ಯಾವ ಪರಮಾಣುವೂ ಹುಟ್ಟುವುದಿಲ್ಲ, ಯಾವುದೂ ಅಳಿಯುವುದಿಲ್ಲ. ಆದುದರಿಂದ ಬಾಣದ ಎಡಕ್ಕೆ ಪ್ರತಿಯೊಂದು ಧಾತುವಿನ ಎಷ್ಟು ಪರಮಾಣುಗಳಿವೆಯೋ ಬಲಕ್ಕೂ ಅಷ್ಟೇ ಇರಬೇಕು.

ಮೆಗ್ನೀಸಿಯಂ ಸಮೀಕರಣವನ್ನು ಈ ಕಣ್ಣಿನಿಂದ ನೋಡಿದರೆ ಅದು ಇನ್ನೂ ಅಸ್ಥಿಪಂಜರ ಸಮೀಕರಣ, ಅಂದರೆ ಸರಿದೂಗಿಸದ ಸಮೀಕರಣ. ಎಡಗಡೆ ಒಂದು ಮೆಗ್ನೀಸಿಯಂ, ಎರಡು ಆಕ್ಸಿಜನ್. ಬಲಗಡೆ ಒಂದು ಮೆಗ್ನೀಸಿಯಂ, ಒಂದೇ ಆಕ್ಸಿಜನ್. ಬಲಗಡೆಯ ಮೆಗ್ನೀಸಿಯಂ ಆಕ್ಸೈಡಿನ ಮುಂಭಾಗದಲ್ಲಿ 2 ಇಟ್ಟರೆ ಆಕ್ಸಿಜನ್ ಸರಿಹೋಗುತ್ತದೆ, ಆದರೆ ಮೆಗ್ನೀಸಿಯಂ ಎರಡಾಗುತ್ತದೆ. ಎಡಗಡೆಯ ಮೆಗ್ನೀಸಿಯಂಗೂ 2 ಇಟ್ಟರೆ ಅದೂ ಸರಿಹೋಗುತ್ತದೆ:

2 ಮೆಗ್ನೀಸಿಯಂ + 1 ಆಕ್ಸಿಜನ್ → 2 ಮೆಗ್ನೀಸಿಯಂ ಆಕ್ಸೈಡ್

ಹೀಗೆ ಸೂತ್ರದ ಮುಂಭಾಗದಲ್ಲಿ ಇಡುವ ಅಂಕಿಗೆ ಸಹಗುಣಕ ಎಂದು ಹೆಸರು. ಸೂತ್ರದೊಳಗೆ ಅಕ್ಷರದ ಕೆಳಗೆ ಸಣ್ಣದಾಗಿ ಬರೆಯುವ ಪಾದಾಂಕವೇ ಬೇರೆ, ಸಹಗುಣಕವೇ ಬೇರೆ. ಸಹಗುಣಕ ಅಣುಗಳು ಎಷ್ಟು ಎಂಬುದನ್ನು ಹೇಳುತ್ತದೆ. ಪಾದಾಂಕ ಒಂದು ಅಣುವಿನೊಳಗೆ ಪರಮಾಣುಗಳು ಎಷ್ಟು ಎಂಬುದನ್ನು ಹೇಳುತ್ತದೆ. ಸರಿದೂಗಿಸುವಾಗ ಬದಲಿಸಬಹುದಾದದ್ದು ಸಹಗುಣಕವನ್ನು ಮಾತ್ರ.

ಈ ನಿಯಮವನ್ನು ಮುರಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣದಲ್ಲಿ ಎಡಕ್ಕೆ ಎರಡು ಆಕ್ಸಿಜನ್ ಇವೆ, ಬಲಕ್ಕೆ ನೀರಿನಲ್ಲಿ ಒಂದೇ ಇದೆ. ಆತುರಗಾರನಾದ ವಿದ್ಯಾರ್ಥಿ ನೀರಿನ ಸೂತ್ರದಲ್ಲಿ ಆಕ್ಸಿಜನ್ನಿನ ಕೆಳಗೆ ಒಂದು ಸಣ್ಣ 2 ಸೇರಿಸಿಬಿಡುತ್ತಾನೆ. ಎಣಿಕೆ ಕೂಡಲೇ ಸರಿಹೋಗುತ್ತದೆ, ಅವನಿಗೂ ಸಮಾಧಾನವಾಗುತ್ತದೆ. ಆದರೆ ಎರಡು ಹೈಡ್ರೋಜನ್ ಮತ್ತು ಎರಡು ಆಕ್ಸಿಜನ್ ಇರುವ ಅಣು ನೀರಲ್ಲ, ಅದು ಹೈಡ್ರೋಜನ್ ಪೆರಾಕ್ಸೈಡ್. ಅದರ ದುರ್ಬಲ ದ್ರಾವಣವನ್ನು ಗಾಯ ತೊಳೆಯಲು ಬಳಸುತ್ತಿದ್ದುದುಂಟು; ಸಾರೀಕೃತವಾದದ್ದು ಚರ್ಮವನ್ನು ಸುಡುತ್ತದೆ. ಒಂದು ಪಾದಾಂಕವನ್ನು ತಿದ್ದಿದ್ದರಿಂದ ಕುಡಿಯುವ ನೀರು ಕುಡಿಯಬಾರದ ದ್ರವವಾಯಿತು. ಸರಿಯಾದ ಉತ್ತರ ಹೀಗಿದೆ:

2 ಹೈಡ್ರೋಜನ್ + 1 ಆಕ್ಸಿಜನ್ → 2 ನೀರು

ಎಡಕ್ಕೆ ನಾಲ್ಕು ಹೈಡ್ರೋಜನ್ ಪರಮಾಣು, ಎರಡು ಆಕ್ಸಿಜನ್ ಪರಮಾಣು, ಬಲಕ್ಕೂ ಅಷ್ಟೇ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಮಾಡುವುದು

ಸಿಗರೇಟ್ ಲೈಟರಿನಲ್ಲಿ ದ್ರವವಾಗಿ ತುಂಬಿರುವ ಬ್ಯೂಟೇನನ್ನು ತೆಗೆದುಕೊಳ್ಳಿ. ಅದರ ಅಣುವಿನಲ್ಲಿ 4 ಕಾರ್ಬನ್, 10 ಹೈಡ್ರೋಜನ್ ಇವೆ. ಅದು ಸಾಕಷ್ಟು ಆಕ್ಸಿಜನ್ನಿನಲ್ಲಿ ಉರಿದರೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಉಂಟಾಗುತ್ತವೆ:

ಬ್ಯೂಟೇನ್ + ಆಕ್ಸಿಜನ್ → ಕಾರ್ಬನ್ ಡೈಆಕ್ಸೈಡ್ + ನೀರು

ಯಾವ ಧಾತುವಿನಿಂದ ಆರಂಭಿಸಬೇಕು? ಎರಡೂ ಬದಿಯಲ್ಲಿ ಒಂದೊಂದೇ ಪದಾರ್ಥದಲ್ಲಿ ಕಾಣಿಸಿಕೊಳ್ಳುವ ಧಾತುವಿನಿಂದ. ಕಾರ್ಬನ್ ಅಂಥದ್ದು, ಹೈಡ್ರೋಜನ್ನೂ ಅಂಥದ್ದೇ. ಆಕ್ಸಿಜನ್ ಬಲಗಡೆ ಎರಡು ಪದಾರ್ಥಗಳಲ್ಲಿ ಹಂಚಿಹೋಗಿದೆ. ಜೊತೆಗೆ ಎಡಗಡೆ ಅದು ಒಂಟಿ ಧಾತುವಾಗಿದೆ, ಅಂದರೆ ಅದರ ಸಹಗುಣಕವನ್ನು ಬದಲಿಸಿದರೆ ಬೇರೆ ಯಾವ ಧಾತುವಿನ ಲೆಕ್ಕವೂ ಕೆಡುವುದಿಲ್ಲ. ಹಾಗಾಗಿ ಅದನ್ನು ಕೊನೆಗೆ ಉಳಿಸಿಕೊಳ್ಳಬೇಕು. ಇದೊಂದನ್ನು ಪಾಲಿಸಿದರೆ ಅಳಿಸಿ ಬರೆಯುವ ಕೆಲಸ ಅರ್ಧಕ್ಕರ್ಧ ತಪ್ಪುತ್ತದೆ ಎಂಬುದು ನನ್ನ ಅನುಭವ.

ಎಡಕ್ಕೆ 4 ಕಾರ್ಬನ್ ಇರುವುದರಿಂದ ಬಲಕ್ಕೆ 4 ಕಾರ್ಬನ್ ಡೈಆಕ್ಸೈಡ್ ಬೇಕು. ಎಡಕ್ಕೆ 10 ಹೈಡ್ರೋಜನ್ ಇರುವುದರಿಂದ, ಪ್ರತಿ ನೀರಿನ ಅಣುವಿಗೆ ಎರಡರಂತೆ, 5 ನೀರು ಬೇಕು. ಈಗ ಬಲಗಡೆಯ ಆಕ್ಸಿಜನ್ ಪರಮಾಣುಗಳನ್ನು ಎಣಿಸಿ: ಕಾರ್ಬನ್ ಡೈಆಕ್ಸೈಡಿನಲ್ಲಿ 8, ನೀರಿನಲ್ಲಿ 5, ಒಟ್ಟು 13. ಎಡಗಡೆ ಆಕ್ಸಿಜನ್ ಬರುವುದು ಜೋಡಿಗಳಲ್ಲಿ. ಹದಿಮೂರು ಬೇಕಾದರೆ ಆರೂವರೆ ಜೋಡಿ ಆಗುತ್ತದೆ. ಇಲ್ಲಿ ಅನೇಕರು ಎಲ್ಲೋ ತಪ್ಪಾಗಿದೆ ಎಂದು ತಿಳಿದು ಮೊದಲಿನಿಂದ ಆರಂಭಿಸುತ್ತಾರೆ. ತಪ್ಪೇನೂ ಆಗಿಲ್ಲ. ಅರ್ಧ ಅಣು ಎಂಬುದು ಇರುವುದಿಲ್ಲವಾದ್ದರಿಂದ ಎಲ್ಲ ಸಹಗುಣಕಗಳನ್ನೂ ಎರಡರಿಂದ ಗುಣಿಸಿದರೆ ಮುಗಿಯಿತು:

2 ಬ್ಯೂಟೇನ್ + 13 ಆಕ್ಸಿಜನ್ → 8 ಕಾರ್ಬನ್ ಡೈಆಕ್ಸೈಡ್ + 10 ನೀರು

ಪರೀಕ್ಷಿಸಿ ನೋಡುವುದನ್ನು ಬಿಡಬಾರದು. ಕಾರ್ಬನ್ ಎಡಕ್ಕೆ 8, ಬಲಕ್ಕೆ 8. ಹೈಡ್ರೋಜನ್ 20 ಮತ್ತು 20. ಆಕ್ಸಿಜನ್ ಎಡಕ್ಕೆ 26, ಬಲಕ್ಕೆ 16 ಮತ್ತು 10 ಸೇರಿ 26. ಕೊನೆಗೆ ಎಲ್ಲ ಸಹಗುಣಕಗಳನ್ನೂ ಒಂದೇ ಸಂಖ್ಯೆಯಿಂದ ಭಾಗಿಸಲು ಬರುತ್ತದೆಯೇ ಎಂದೂ ನೋಡಬೇಕು. ಇಲ್ಲಿ 13 ಇರುವುದರಿಂದ ಬರುವುದಿಲ್ಲ.

ಸಲ್ಫೇಟ್, ನೈಟ್ರೇಟ್, ಹೈಡ್ರಾಕ್ಸೈಡ್‌ನಂಥ ಪರಮಾಣು ಗುಂಪುಗಳು ಕ್ರಿಯೆಯಲ್ಲಿ ಒಡೆಯದೆ ಹಾಗೆಯೇ ಬಲಬದಿಗೆ ದಾಟಿದರೆ, ಒಳಗಿನ ಪರಮಾಣುಗಳನ್ನು ಬಿಡಿಬಿಡಿಯಾಗಿ ಎಣಿಸುವ ಅಗತ್ಯವಿಲ್ಲ. ಇಡೀ ಗುಂಪನ್ನು ಒಂದಾಗಿ ಎಣಿಸಬಹುದು. ಕೆಸರು ನೀರನ್ನು ತಿಳಿಗೊಳಿಸಲು ಬಳಸುವ ಒಂದು ಕ್ರಿಯೆಯನ್ನು ನೋಡಿ. ಅಲ್ಯೂಮಿನಿಯಂ ಸಲ್ಫೇಟಿನಲ್ಲಿ 2 ಅಲ್ಯೂಮಿನಿಯಂ, 3 ಸಲ್ಫೇಟ್ ಗುಂಪು ಇವೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡಿನಲ್ಲಿ 1 ಕ್ಯಾಲ್ಸಿಯಂ, 2 ಹೈಡ್ರಾಕ್ಸೈಡ್ ಗುಂಪು ಇವೆ. ಉತ್ಪನ್ನಗಳಾದ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನಲ್ಲಿ 1 ಅಲ್ಯೂಮಿನಿಯಂಗೆ 3 ಹೈಡ್ರಾಕ್ಸೈಡ್, ಕ್ಯಾಲ್ಸಿಯಂ ಸಲ್ಫೇಟಿನಲ್ಲಿ 1 ಕ್ಯಾಲ್ಸಿಯಂಗೆ 1 ಸಲ್ಫೇಟ್. ಅಲ್ಯೂಮಿನಿಯಂ ಎರಡಿರುವುದರಿಂದ ಅದರ ಹೈಡ್ರಾಕ್ಸೈಡ್ 2, ಸಲ್ಫೇಟ್ ಮೂರಿರುವುದರಿಂದ ಕ್ಯಾಲ್ಸಿಯಂ ಸಲ್ಫೇಟ್ 3, ಹಾಗಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡೂ 3. ಹೈಡ್ರಾಕ್ಸೈಡ್ ಗುಂಪು ಎರಡೂ ಕಡೆ 6 ಆಗಿ ತಾನಾಗಿಯೇ ಸರಿಹೊಂದುತ್ತದೆ:

1 ಅಲ್ಯೂಮಿನಿಯಂ ಸಲ್ಫೇಟ್ + 3 ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → 2 ಅಲ್ಯೂಮಿನಿಯಂ ಹೈಡ್ರಾಕ್ಸೈಡ್ + 3 ಕ್ಯಾಲ್ಸಿಯಂ ಸಲ್ಫೇಟ್

ಲೋಳೆಯಂಥ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ತಳಕ್ಕಿಳಿಯುವಾಗ ಮಣ್ಣಿನ ಕಣಗಳನ್ನೂ ತನ್ನೊಂದಿಗೆ ಎಳೆದುಕೊಳ್ಳುತ್ತದೆ.

ಸರಿದೂಗಿದ್ದೆಲ್ಲ ಸತ್ಯವಲ್ಲ

ಈ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಮಾತು ಇದು. ಪ್ರಯೋಗಶಾಲೆಯಲ್ಲಿ ಎರಡು ಪ್ರಣಾಳಗಳಿಗೆ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ನೀಲಿ ದ್ರಾವಣವನ್ನು ಸಮವಾಗಿ ಹಾಕಿ. ಉಜ್ಜಿ ಶುಚಿಗೊಳಿಸಿದ ಕಬ್ಬಿಣದ ಮೊಳೆಯನ್ನು ದಾರದಿಂದ ಕಟ್ಟಿ ಒಂದರಲ್ಲಿ ಮಾತ್ರ ಇಳಿಬಿಡಿ, ಇನ್ನೊಂದನ್ನು ಹೋಲಿಕೆಗೆ ಹಾಗೆಯೇ ಇರಿಸಿ. ಸುಮಾರು 20 ನಿಮಿಷಗಳ ನಂತರ ಮೊಳೆಯನ್ನು ಮೇಲೆತ್ತಿದರೆ ಅದರ ಮೇಲೆ ಕೆಂಪು ಛಾಯೆಯ ಕಂದು ಲೇಪ ಕಾಣುತ್ತದೆ, ಅದು ತಾಮ್ರ. ಮೊಳೆ ಇದ್ದ ದ್ರಾವಣದ ನೀಲಿ ಬಣ್ಣ ಮಾಸಿರುತ್ತದೆ. ಮೊಳೆಯನ್ನು ಇನ್ನೂ ಹೆಚ್ಚು ಹೊತ್ತು ಬಿಟ್ಟರೆ ದ್ರಾವಣ ತಿಳಿಹಸಿರಿಗೆ ತಿರುಗುತ್ತದೆ.

ಇದಕ್ಕೆ ಇಬ್ಬರು ವಿದ್ಯಾರ್ಥಿಗಳು ಎರಡು ಸಮೀಕರಣಗಳನ್ನು ಬರೆದರೆಂದು ಇಟ್ಟುಕೊಳ್ಳಿ. ಒಬ್ಬಳು ಕಬ್ಬಿಣದ ವೇಲೆನ್ಸಿಯನ್ನು 2 ಎಂದು ಹಿಡಿದು, ಒಂದು ಕಬ್ಬಿಣ ಒಂದು ತಾಮ್ರದ ಸಲ್ಫೇಟಿನೊಂದಿಗೆ ವರ್ತಿಸಿ ಒಂದು ಕಬ್ಬಿಣ(2) ಸಲ್ಫೇಟ್ ಮತ್ತು ಒಂದು ತಾಮ್ರವನ್ನು ಕೊಡುತ್ತದೆ ಎಂದು ಬರೆದಳು. ಇನ್ನೊಬ್ಬ ವೇಲೆನ್ಸಿಯನ್ನು 3 ಎಂದು ಹಿಡಿದು, 2 ಕಬ್ಬಿಣ ಮತ್ತು 3 ತಾಮ್ರದ ಸಲ್ಫೇಟ್ ಸೇರಿ 1 ಕಬ್ಬಿಣ(3) ಸಲ್ಫೇಟ್ ಮತ್ತು 3 ತಾಮ್ರ ಆಗುತ್ತವೆ ಎಂದು ಬರೆದನು. ಎಣಿಸಿ ನೋಡಿದರೆ ಎರಡೂ ಅಚ್ಚುಕಟ್ಟಾಗಿ ಸರಿದೂಗಿವೆ. ಯಾವುದು ನಿಜ ಎಂಬುದನ್ನು ಅಂಕಿಗಳು ಹೇಳಲಾರವು, ಪ್ರಣಾಳ ಹೇಳುತ್ತದೆ. ತಿಳಿಹಸಿರು ಕಬ್ಬಿಣ(2) ಲವಣದ ಬಣ್ಣ. ಕಬ್ಬಿಣ(3) ಉಂಟಾಗಿದ್ದರೆ ದ್ರಾವಣ ಹಳದಿಯೋ ಕಂದೋ ಆಗಬೇಕಿತ್ತು. ಹಾಗಾಗಿ ಮೊದಲನೆಯದೇ ನಡೆದ ಘಟನೆಯ ವರದಿ.

ಇದೇ ಬಗೆಯ ಇನ್ನೊಂದು ಮೋಸವಿದೆ. ತಾಮ್ರ ಮತ್ತು ಸಾರರಿಕ್ತ (ನೀರು ಬೆರೆಸಿ ದುರ್ಬಲಗೊಳಿಸಿದ) ಸಲ್ಫ್ಯೂರಿಕ್ ಆಮ್ಲ ಸೇರಿ ತಾಮ್ರದ ಸಲ್ಫೇಟ್ ಮತ್ತು ಹೈಡ್ರೋಜನ್ ಆಗುತ್ತದೆ ಎಂದು ಕಾಗದದ ಮೇಲೆ ಬರೆದರೆ ಒಂದೇ ಒಂದು ಸಹಗುಣಕದ ಅಗತ್ಯವೂ ಇಲ್ಲದೆ ಅದು ಸರಿದೂಗುತ್ತದೆ. ಆದರೆ ತಾಮ್ರದ ಚೂರನ್ನು ಆ ಆಮ್ಲದಲ್ಲಿ ಹಾಕಿ ಎಷ್ಟು ಹೊತ್ತು ಕಾದರೂ ಹೈಡ್ರೋಜನ್ನಿನ ಒಂದು ಗುಳ್ಳೆಯೂ ಏಳುವುದಿಲ್ಲ, ಏಕೆಂದರೆ ಧಾತುಗಳನ್ನು ಹೆಚ್ಚು ಚುರುಕಿನಿಂದ ಕಡಿಮೆ ಚುರುಕಿನ ಕಡೆಗೆ ಜೋಡಿಸಿದ ಕ್ರಿಯಾಶೀಲತೆಯ ಶ್ರೇಣಿಯಲ್ಲಿ ತಾಮ್ರ ಹೈಡ್ರೋಜನ್ನಿಗಿಂತ ಕೆಳಗಿದೆ. ಸತುವನ್ನು ಹಾಕಿದರೆ ಗುಳ್ಳೆಗಳು ಬರುತ್ತವೆ.

ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳನ್ನು, ಬರೆಯುವ ಸಮೀಕರಣಗಳಲ್ಲಿ ಪರಮಾಣುಗಳ ಜೊತೆಗೆ ವಿದ್ಯುದಾವೇಶವೂ ಸರಿದೂಗಬೇಕು. ಬೆಳ್ಳಿಯ ನೈಟ್ರೇಟ್ ದ್ರಾವಣದಲ್ಲಿ ತಾಮ್ರದ ತಂತಿಯನ್ನು ಇಟ್ಟಾಗ ತಾಮ್ರವು ಎರಡು ಧನಾವೇಶವುಳ್ಳ ಅಯಾನಾಗುತ್ತದೆ, ಬೆಳ್ಳಿಯ ಅಯಾನಿಗಾದರೋ ಒಂದೇ ಧನಾವೇಶ. ಒಂದಕ್ಕೆ ಒಂದು ಎಂದು ಬರೆದರೆ ಪರಮಾಣುಗಳು ಸರಿಯಿರುತ್ತವೆ, ಆವೇಶ ಮಾತ್ರ ಎಡಕ್ಕೆ ಒಂದು, ಬಲಕ್ಕೆ ಎರಡು ಆಗಿಬಿಡುತ್ತದೆ. ಆದುದರಿಂದ ಒಂದು ತಾಮ್ರಕ್ಕೆ ಎರಡು ಬೆಳ್ಳಿ ಅಯಾನುಗಳು ಬೇಕು.

ಸಮೀಕರಣಕ್ಕೆ ಸೇರಿಸಬೇಕಾದ ಉಳಿದ ವಿವರಗಳು

ಪದಾರ್ಥಗಳು ಘನವೋ ದ್ರವವೋ ಅನಿಲವೋ ಜಲೀಯ ದ್ರಾವಣವೋ ಎಂಬುದನ್ನು ಸೂತ್ರದ ಪಕ್ಕ ಆವರಣದಲ್ಲಿ ಸೂಚಿಸುತ್ತಾರೆ. ಕಾಯಿಸುವುದು, ಒತ್ತಡ, ಕ್ರಿಯೆಯ ವೇಗ ಹೆಚ್ಚಿಸುವ ಕ್ರಿಯಾವರ್ಧಕ ಇಂಥ ಪರಿಸ್ಥಿತಿಗಳನ್ನು ಬಾಣದ ಮೇಲೂ ಕೆಳಗೂ ಬರೆಯಬೇಕು. ಶಾಖ ಹೊರಬಂದರೆ ಕ್ರಿಯೆ ಬಹಿರುಷ್ಣಕ, ಹೀರಲ್ಪಟ್ಟರೆ ಅಂತರುಷ್ಣಕ. ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ ಎಂಬ ವರ್ಗೀಕರಣ ಪರೀಕ್ಷೆಗೆ ಬೇಕು, ಆದರೆ ಇವು ಒಂದಕ್ಕೊಂದು ಸೇರದ ಪೆಟ್ಟಿಗೆಗಳಲ್ಲ: ಮೆಗ್ನೀಸಿಯಂ ಉರಿಯುವುದು ಸಂಯೋಗವೂ ಹೌದು, ಉತ್ಕರ್ಷಣವೂ (ಆಕ್ಸಿಜನ್ ಸೇರುವುದು) ಹೌದು, ಬಹಿರುಷ್ಣಕವೂ ಹೌದು.

ಸಹಗುಣಕಗಳ ನಿಜವಾದ ಉಪಯೋಗ ತೂಕದ ಲೆಕ್ಕದಲ್ಲಿದೆ. ಪರಮಾಣು ರಾಶಿಗಳನ್ನು ಪೂರ್ಣಾಂಕವಾಗಿ ಹಿಡಿದರೆ ಮೆಗ್ನೀಸಿಯಂನದು 24, ಆಕ್ಸಿಜನ್ನಿನದು 16. ಮೇಲೆ ಬರೆದ ಸಮೀಕರಣದ ಪ್ರಕಾರ 48 ಗ್ರಾಂ ಮೆಗ್ನೀಸಿಯಂ 32 ಗ್ರಾಂ ಆಕ್ಸಿಜನ್ನಿನೊಂದಿಗೆ ಸೇರಿ 80 ಗ್ರಾಂ ಆಕ್ಸೈಡ್ ಆಗುತ್ತದೆ. ಅಂದರೆ 3 ಗ್ರಾಂ ಲೋಹದಿಂದ 5 ಗ್ರಾಂ ಪುಡಿ. ಪ್ರಯೋಗದಲ್ಲಿ ತೂಗಿದಾಗ ಇದಕ್ಕಿಂತ ಸ್ವಲ್ಪ ಕಡಿಮೆ ಬಂದರೆ ಗಾಬರಿಯಾಗಬೇಡಿ. ಬಿಳಿ ಹೊಗೆಯಾಗಿ ಸ್ವಲ್ಪ ಹಾರಿಹೋಗಿರುತ್ತದೆ, ಜೊತೆಗೆ ಒಂದಿಷ್ಟು ಮೆಗ್ನೀಸಿಯಂ ಗಾಳಿಯ ನೈಟ್ರೋಜನ್ನಿನೊಂದಿಗೂ ಸೇರಿರುತ್ತದೆ.

ಅಭ್ಯಾಸಕ್ಕೆ ನಾಲ್ಕು ಸಮೀಕರಣಗಳನ್ನು ಕೊಡುತ್ತೇನೆ. ಸೂತ್ರಗಳನ್ನು ನೀವೇ ಬರೆದು, ಸರಿದೂಗಿಸಿ, ಆಮೇಲೆ ಸಹಗುಣಕಗಳನ್ನು ಹೋಲಿಸಿ ನೋಡಿ. ಮೂರು ಕಾರ್ಬನ್, ಎಂಟು ಹೈಡ್ರೋಜನ್ ಇರುವ ಪ್ರೋಪೇನ್ ಆಕ್ಸಿಜನ್ನಿನಲ್ಲಿ ಉರಿದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗುವುದಕ್ಕೆ ಕ್ರಮವಾಗಿ 1, 5, 3, 4. ಕಬ್ಬಿಣ(3) ಆಕ್ಸೈಡನ್ನು ಕಾರ್ಬನ್ ಮಾನಾಕ್ಸೈಡ್ ಅಪಕರ್ಷಿಸಿ (ಅಂದರೆ ಅದರ ಆಕ್ಸಿಜನ್ನನ್ನು ಕಿತ್ತುಕೊಂಡು) ಕಬ್ಬಿಣ ಮತ್ತು ಕಾರ್ಬನ್ ಡೈಆಕ್ಸೈಡ್ ಕೊಡುವುದಕ್ಕೆ 1, 3, 2, 3. ಒಂದು ನೈಟ್ರೋಜನ್, ಮೂರು ಹೈಡ್ರೋಜನ್ ಇರುವ ಅಮೋನಿಯ ಆಕ್ಸಿಜನ್ನಿನೊಂದಿಗೆ ಸೇರಿ ನೈಟ್ರಿಕ್ ಆಕ್ಸೈಡ್ (ಒಂದು ನೈಟ್ರೋಜನ್, ಒಂದು ಆಕ್ಸಿಜನ್) ಮತ್ತು ನೀರಾಗುವುದಕ್ಕೆ 4, 5, 4, 6. ಕೊನೆಯದು ಸ್ವಲ್ಪ ಜಿಗುಟು: ಒಂದು ಕಬ್ಬಿಣ, ಎರಡು ಗಂಧಕ ಇರುವ ಪೈರೈಟ್ ಅದಿರು ಆಕ್ಸಿಜನ್ನಿನಲ್ಲಿ ಕಾದು ಕಬ್ಬಿಣ(3) ಆಕ್ಸೈಡ್ ಮತ್ತು ಗಂಧಕದ ಡೈಆಕ್ಸೈಡ್ ಆಗುವುದಕ್ಕೆ 4, 11, 2, 8. ಇದರಲ್ಲಿ ಅರ್ಧ ಅಣು ಎದುರಾದಾಗ ಬ್ಯೂಟೇನಿಗೆ ಮಾಡಿದಂತೆಯೇ ಎಲ್ಲವನ್ನೂ ಎರಡರಿಂದ ಗುಣಿಸಿ.